ಚೀಟಿ ಇಲ್ಲದ ಕ್ಯಾಸೆಟ್ಟು, ಎರಡು ಐರಿಷ್ ಜಿಗ್: ಹೆಸರು, ಹಳೆ ರೆಕಾರ್ಡಿಂಗ್, ನೊಟೇಶನ್ ಹುಡುಕೋದು ಹೆಂಗ?

ಮಾಳಮಡ್ಡಿ_ವಾಯಲಿನ್ · ಧಾರವಾಡ

ನಮಸ್ಕಾರ್ರೀ ಎಲ್ಲಾರಿಗೂ. ಒಂದು ಕ್ಯಾಸೆಟ್ಟು ಐತಿ, ಡಬ್ಬಿಯೊಳಗಿನ ಚೀಟಿ ಇಲ್ಲ. ಅದರಾಗ ಐರಿಷ್ ಜಿಗ್ (ಐರ್ಲೆಂಡಿನ ಕುಣಿತದ ಮಟ್ಟು) ಎರಡು ಅದಾವ, ನಡುವ ನಿಲ್ಲಿಸದ ಒಂದರ ಬೆನ್ನಿಗೆ ಒಂದು ನುಡಿಸ್ಯಾರ. ಕೊಳಲು, ಫಿಡಲ್, ಗಿಟಾರ್ ಕೇಳಿಸ್ತಾವ. ಸರಿಗಮದಾಗ ಇಳಿಸೀನಿ. ಮಂದ್ರದ ಸ್ವರಕ್ಕ ಎಡಕ್ಕ ಚುಕ್ಕಿ, ತಾರದ್ದಕ್ಕ ಬಲಕ್ಕ ಗೀಟು.

ಮೊದಲನೇದು:
ಸ – – ಸ ರೆ ಗ | ರೆ – – ರೆ ಗ ಪ | ಧ ಪ ಪ ಸ' ಪ ಪ | ಧ ಪ ಗ ಪ ಗ ರೆ |
ಸ – – ಸ ರೆ ಗ | ರೆ – – ರೆ ಗ ಪ | ಧ ಪ ಪ ಸ' ಪ ಗ | ರೆ ಸ .ನಿ ಸ – – |

ಎರಡನೇದು, ಅದೇ ಸಾ ಇಟ್ಟುಕೊಂಡು (ಮ ತೀವ್ರ):
.ಧ – – ಗ – – | .ಧ ಗ .ಧ ರೆ .ನಿ .ಪ | .ಧ .ಪ .ಧ ಗ – – | ಪ ಮ ಗ ರೆ .ನಿ .ಪ |

ಮೊದಲನೇದು ಭೂಪದ ಹಂಗ ಹೊಂಟು ಕೊನಿಗೆ ಒಂದು ಶುದ್ಧ ನಿಷಾದ ಹಚ್ಚತೈತಿ. ಎರಡನೇದರ ಸ್ವಭಾವ ಕೈಗೆ ಸಿಗವಲ್ದು. ಷಡ್ಜದ ಮ್ಯಾಲ ನಿಲ್ಲೋದೇ ಇಲ್ಲ. ಇವುಗಳ ಹೆಸರೇನು, ಹಳೆ ಪುಸ್ತಕದಾಗ ಎಲ್ಲಿ ಸಿಗ್ತಾವ, ಹಳೆ ರೆಕಾರ್ಡಿಂಗ್ ಹುಡುಕೋ ದಾರಿ ಯಾವುದು? ಜಾಲದಾಗ ಒಂದೊಂದಕ್ಕ ಹತ್ತಾರು ನೊಟೇಶನ್ ಅದಾವ ಅಂತಾರ, ಯಾವುದನ್ನ ನಂಬಬೇಕು? ಇನ್ನೊಂದು: ಕ್ಯಾಸೆಟ್ಟಿನ ಸಾ ಹಾರ್ಮೋನಿಯಂ ಮನಿಯ ಬಿಳಿ 5ಕ್ಕೂ ಕರಿ 4ಕ್ಕೂ ನಡುವ ಕೂಡತೈತಿ. ಟ್ಯೂನರ್ 403 ಹರ್ಟ್ಜ್ ತೋರಸ್ತದ. ತಂಬೂರಿ ಹಚ್ಚಿ ನುಡಿಸಾಕ ಬರವಲ್ದು.

ಸ್ವರಲಿಪಿ · ಹಾವೇರಿ

ಮೊದಲನೆಯದು ದಿ ಕೆಶ್ ಜಿಗ್. ಎರಡನೆಯದು ಮಾರಿಸನ್ಸ್ ಜಿಗ್. ಇವೆರಡನ್ನು ಜೋಡಿಸಿ ನುಡಿಸುವುದು ಬಹಳ ಕಡೆ ರೂಢಿಯಲ್ಲಿದೆ, ಹೊಸಬರಿಗೆ ಮೊದಮೊದಲು ಹೇಳಿಕೊಡುವ ಜೋಡಿಯೂ ಇದೇ.

ಗುರುತಿಸಿದ್ದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಮುಂದಿನ ಮಟ್ಟಿಗೆ ನೀವೇ ಮಾಡಿಕೊಳ್ಳಬಹುದು. ಜಿಗ್‌ನಲ್ಲಿ ಒಂದು ಬಾರ್‌ಗೆ (ಎರಡು ನೆಟ್ಟ ಗೆರೆಗಳ ನಡುವಿನ ಭಾಗಕ್ಕೆ) ಆರು ಸಣ್ಣ ಸ್ವರ, ಒತ್ತು ಬೀಳುವುದು ಒಂದನೆಯದರ ಮೇಲೆ ಮತ್ತು ನಾಲ್ಕನೆಯದರ ಮೇಲೆ. ಆ ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ. ನಿಮ್ಮ ಮೊದಲನೇ ಮಟ್ಟಿನ ನಾಲ್ಕು ಬಾರ್‌ನಿಂದ ಉಳಿಯುವುದು ಸ ಸ ರೆ ರೆ ಧ ಸ' ಧ ಪ. ಅಂಕಿಯಲ್ಲಿ 1 1 2 2 6 1 6 5. ಅಲಂಕಾರ, ನಡುವಿನ ತುಂಬುಸ್ವರ ಇವೆಲ್ಲ ನುಡಿಸುವವರಿಂದ ನುಡಿಸುವವರಿಗೆ ಬದಲಾಗುತ್ತವೆ, ಈ ಎಲುಬಿನ ಗೂಡು ಅಷ್ಟು ಬೇಗ ಬದಲಾಗುವುದಿಲ್ಲ. ಡಬ್ಲಿನ್‌ನ ಬ್ರಂಡಾನ್ ಬ್ರಾನಕ್ (1912–1985) ಸಾವಿರಾರು ಮಟ್ಟುಗಳಿಗೆ ಕಾರ್ಡು ಬರೆದು ಸೂಚಿ ಕಟ್ಟಿದ್ದು ಇದೇ ತತ್ವದ ಮೇಲೆ: ಒತ್ತಿನ ಸ್ವರಗಳಿಗೆ ಅಂಕಿ, ಅಂಕಿಯ ಕ್ರಮದಲ್ಲಿ ಕಾರ್ಡು. ಹೆಸರು ಗೊತ್ತಿರದಿದ್ದರೂ ಮಟ್ಟು ಸಿಗುತ್ತದೆ.

ಹೆಸರಿನಿಂದ ಹುಡುಕಲು ಹೋದರೆ ದಾರಿ ತಪ್ಪುತ್ತದೆ. ನಮ್ಮಲ್ಲಿ ಒಂದೇ ಮಟ್ಟಿಗೆ ಹತ್ತು ತತ್ವಪದ ಹಾಡುತ್ತಾರೆ, ಒಂದೇ ಪದಕ್ಕೆ ಊರಿಗೊಂದು ಮಟ್ಟು ಇರುತ್ತದೆ. ಐರ್ಲೆಂಡಿನಲ್ಲಿ ಪದವೂ ಇಲ್ಲದ ಕುಣಿತದ ಮಟ್ಟು, ಹೆಸರು ಬರೀ ಚೀಟಿ ಅಂಟಿಸಿದ ಹಾಗೆ. ಕೆಶ್ ಅನ್ನುವುದು ಸ್ಲೈಗೊ ಕೌಂಟಿಯ ಊರಿನ ಹೆಸರು. ಇದೇ ಮಟ್ಟು ಓನೀಲ್ ಅವರ ಸಂಗ್ರಹದಲ್ಲಿ ಕಿಂಕೋರಾ ಜಿಗ್ ಎಂದಿದೆ, ಕೆರಿಗನ್ಸ್ ಅಂತಲೂ ಕರೆಯುತ್ತಾರೆ. ಸೂಚಿಯಲ್ಲಿ ಹುಡುಕುವಾಗ ಮೂರನ್ನೂ ಹಾಕಿ. "ದಿ" ಅನ್ನುವುದನ್ನು ಕೆಲವು ಸೂಚಿಗಳಲ್ಲಿ ಹೆಸರಿನ ಕೊನೆಗೆ ಬರೆಯುತ್ತಾರೆ, ಅದನ್ನು ಬಿಟ್ಟು ಹುಡುಕಿ. "ಗಾನ್ ಅನಿಮ್" ಅಂತ ಎಲ್ಲಾದರೂ ಕಂಡರೆ ಅದು ಮಟ್ಟಿನ ಹೆಸರಲ್ಲ, ಐರಿಷ್‌ನಲ್ಲಿ "ಹೆಸರಿಲ್ಲದ್ದು" ಎಂದರ್ಥ. ಅದರಡಿಯಲ್ಲಿ ನೂರಾರು ಬೇರೆಬೇರೆ ಮಟ್ಟುಗಳಿವೆ.

ಪುಸ್ತಕದ ಮಾತು. ಫ್ರಾನ್ಸಿಸ್ ಓನೀಲ್ ಕಾರ್ಕ್ ಕೌಂಟಿಯಲ್ಲಿ 1848ರಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, 1901ರಿಂದ 1905ರವರೆಗೆ ಶಿಕಾಗೊ ಪೊಲೀಸಿನ ಮುಖ್ಯಸ್ಥರಾಗಿದ್ದವರು. ಅವರ ದೊಡ್ಡ ಸಂಗ್ರಹ 1903ರದ್ದು, 1,850 ಮಟ್ಟು. ಕುಣಿತದ ಮಟ್ಟುಗಳನ್ನಷ್ಟೇ ತೆಗೆದ 1907ರದ್ದರಲ್ಲಿ 1,001. ಎರಡೂ ಈಗ ಎಲ್ಲರಿಗೂ ಮುಕ್ತ, ಪುಟದ ಚಿತ್ರ ಸಮೇತ ಇಳಿಸಿಕೊಳ್ಳಬಹುದು. ಅದಕ್ಕೂ ಹಿಂದಕ್ಕೆ ಹೋಗಬೇಕೆಂದರೆ ಬಾಸ್ಟನ್‌ನಲ್ಲಿ 1883ರಲ್ಲಿ ಬಂದ ರಯನ್ ಸಂಗ್ರಹ, ಲಂಡನ್ನಿನಲ್ಲಿ 1858ರಿಂದ ಬಂದ ಲೀವಿ ಸಂಗ್ರಹ, 1902–05ರಲ್ಲಿ ಅಚ್ಚಾದ ಪೆಟ್ರಿ ಸಂಗ್ರಹ ನೋಡಿ. ಬ್ರಾನಕ್ ಅವರ ಸಂಗ್ರಹದ ಮೊದಲ ಸಂಪುಟ 1963ರದ್ದು.

ಜಾಲದಲ್ಲಿ ದಿ ಸೆಶನ್ ತಾಣ ಮೊದಲು ನೋಡಿ. ಒಂದು ಮಟ್ಟಿನ ಪುಟದಲ್ಲಿ ಬೇರೆಬೇರೆ ಪಾಠಗಳು (ಅದೇ ಮಟ್ಟನ್ನು ಬರೆದ ಬೇರೆ ರೂಪಗಳು), ಅಡ್ಡಹೆಸರುಗಳು, ಯಾವ ಆಲ್ಬಮ್ಮಿನಲ್ಲಿ ಯಾವುದರ ಜೊತೆ ನುಡಿಸಿದ್ದಾರೆ ಎಂಬುದು ಎಲ್ಲವೂ ಇರುತ್ತವೆ. ಟ್ಯೂನ್‌ಪಾಲ್ ಆ್ಯಪ್‌ಗೆ ವಾಯಲಿನ್ ನುಡಿಸಿ ಕೇಳಿಸಿದರೂ ಹೆಸರು ಹೇಳುತ್ತದೆ. ಆದರೆ ಮೀಂಡ್ ಎಳೆದರೆ, ಗಮಕ ಹಚ್ಚಿದರೆ ಅದಕ್ಕೆ ತಿಳಿಯುವುದಿಲ್ಲ. ಒಂದೊಂದು ಸ್ವರವನ್ನೂ ಬಿಡಿಸಿ, ಸಪಾಟಾಗಿ, ಓಡುವ ಲಯದಲ್ಲೇ ನುಡಿಸಬೇಕು. ಮಟ್ಟು ಶುರುವಾಗುವ ಮುಂಚೆ ಬರುವ ಒಂದೆರಡು ಎತ್ತುಗಡೆ ಸ್ವರಗಳನ್ನು ಬಿಟ್ಟು ಸಮ್‌ನಿಂದಲೇ ಹಿಡಿಯಿರಿ. ಅವನ್ನು ಸೇರಿಸಿದರೆ ಲೆಕ್ಕವೆಲ್ಲ ಒಂದು ಸ್ವರ ಪಕ್ಕಕ್ಕೆ ಸರಿದು ಬೇರೆಯದೇ ಮಟ್ಟು ತೋರಿಸುತ್ತದೆ.

ಸಪ್ತಾಪುರ · ಧಾರವಾಡ

ಎರಡನೇ ಮಟ್ಟಿನ ಸ್ವಭಾವ ಸಿಗದಿರುವುದಕ್ಕೆ ಕಾರಣ ಮಟ್ಟಿನಲ್ಲಿಲ್ಲ, ನಿಮ್ಮ ತಂಬೂರಿಯಲ್ಲಿದೆ. ಅವರು ಸಾ ಬದಲಿಸಿದ್ದಾರೆ, ನೀವು ಬದಲಿಸಿಲ್ಲ.

ಮೊದಲ ಜಿಗ್ ಜಿ ಮೇಜರ್, ಅಂದರೆ ಬಿಳಿ 5. ಎರಡನೆಯದರ ನೆಲೆ ಇ, ಅಂದರೆ ಬಿಳಿ 3. ನೀವು ಮಂದ್ರ ಧೈವತ ಎಂದು ಬರೆದದ್ದೇ ಅಲ್ಲಿಯ ಷಡ್ಜ. ಮೂರ್ಛನೆ ಮಾಡಿ, ಅಂದರೆ ಆ ಸ್ವರವನ್ನೇ ಸಾ ಎಂದಿಟ್ಟುಕೊಂಡು, ಮತ್ತೆ ಬರೆಯಿರಿ:

ಸ – – ಪ – – | ಸ ಪ ಸ ಮ ರೆ .ನಿ | ಸ .ನಿ ಸ ಪ – – | ನಿ ಧ ಪ ಮ ರೆ .ನಿ |
ಸ – – ಪ – – | ಸ ಪ ಸ ಮ ರೆ .ನಿ | ಗ – – ರೆ ಗ ಮ | ನಿ ಮ ಗ ರೆ ಸ .ನಿ |

ಇಲ್ಲಿ ಗ ಮತ್ತು ನಿ ಕೋಮಲ, ಮ ಶುದ್ಧ. ನಿಮ್ಮನ್ನು ಕಾಡಿದ ತೀವ್ರ ಮಧ್ಯಮ ಶುದ್ಧ ಧೈವತವಾಗಿ ಕೂತಿತು. ಇದು ಕಾಫಿ ಥಾಟಿನ (ಏಳು ಸ್ವರಗಳ ಚೌಕಟ್ಟಿನ) ಸ್ವರಗಳು, ಅವರ ಭಾಷೆಯಲ್ಲಿ ಇ ಡೋರಿಯನ್. ಕಾಫಿ ರಾಗ ಅನ್ನಬೇಡಿ. ಥಾಟಿನ ಸ್ವರ ಒಂದೇ ಆದರೂ ಚಲನೆ ಬೇರೆ. ಷಡ್ಜದಿಂದ ಪಂಚಮಕ್ಕೆ ಹಾರಿ ಮತ್ತೆ ಷಡ್ಜಕ್ಕೆ ಇಳಿಯುವುದು, ಪ್ರತಿ ಎರಡನೇ ಬಾರಿನ ಕೊನೆಗೆ ಕೋಮಲ ನಿಷಾದಕ್ಕೆ ಬಿದ್ದು ಅಲ್ಲಿಂದ ಎದ್ದು ಬರುವುದು, ಇದು ಡೋರಿಯನ್ ಜಿಗ್‌ಗಳ ಗುರುತು.

ಒಂದರ ಬೆನ್ನಿಗೆ ಒಂದು ನುಡಿಸುವ ಮಟ್ಟುಗಳ ಸೆಟ್ಟಿನಲ್ಲಿ ಮಟ್ಟು ಬದಲಾದಾಗಲೆಲ್ಲ ಸಾ ಬದಲಾಗಬಹುದು ಎಂಬುದನ್ನು ಮೊದಲೇ ಇಟ್ಟುಕೊಂಡು ಕೇಳಬೇಕು. ನಮ್ಮ ಕಿವಿ ಒಂದು ಸಲ ಸಾ ಹಿಡಿದರೆ ಕಛೇರಿ ಮುಗಿಯುವ ತನಕ ಬಿಡುವುದಿಲ್ಲ, ಅಲ್ಲೇ ತಪ್ಪಾಗುವುದು. ಗಿಟಾರಿನ ಕೆಳಸ್ವರ ಕೇಳಿ. ಮಟ್ಟು ಬದಲಾದ ಕ್ಷಣವೇ ಅದು ಹೊಸ ನೆಲೆಗೆ ಸರಿದಿರುತ್ತದೆ.

ಮಾರಿಸನ್ಸ್ ಹೆಸರಿನ ಬಗ್ಗೆ: ಜೇಮ್ಸ್ ಮಾರಿಸನ್ (1893–1947) ಸ್ಲೈಗೊದಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಬಾಳಿದ ಫಿಡಲ್ ವಾದಕ. ಮಟ್ಟು ಅವರ ರಚನೆಯಲ್ಲ. ಕೆರಿ ಕೌಂಟಿಯ ಅಕಾರ್ಡಿಯನ್ ವಾದಕ ಟಾಮ್ ಕಾರ್ಮೊಡಿಯಿಂದ ಕಲಿತದ್ದು. ಕಾರ್ಮೊಡಿ ಮನೆತನದಲ್ಲಿ ಅದರ ಹೆಸರು "ಒಲೆಗಟ್ಟೆಯ ಮೇಲಿನ ಕೋಲು" ಎಂಬರ್ಥದ್ದು. 1930ರ ದಶಕದಲ್ಲಿ ಗ್ರಾಮಫೋನ್ ಪ್ಲೇಟ್ ಮಾಡಿದಾಗ ಟಾಮ್ ಅವರ ತಂದೆ ಮಾರಿಸ್ ಕಾರ್ಮೊಡಿಯ ಹೆಸರು ಹಚ್ಚಿದರು. ಪ್ಲೇಟ್ ಕೇಳಿ ಕಲಿತವರು ನುಡಿಸಿದವರ ಹೆಸರಿನಿಂದಲೇ ಕರೆದು ಮಾರಿಸನ್ಸ್ ಆಯಿತು. ಹಾಗಾಗಿ ಹಳೆಯ ಪ್ಲೇಟಿನ ಪಟ್ಟಿಯಲ್ಲಿ ಮಾರಿಸನ್ಸ್ ಎಂದು ಎಷ್ಟು ಹುಡುಕಿದರೂ ಸಿಗುವುದಿಲ್ಲ, ಮಾರಿಸ್ ಕಾರ್ಮೊಡಿ ಎಂದು ಹುಡುಕಬೇಕು.

ಪ್ಲೇಟ್_ಪೆಟಗಿ · ಗದಗ-ಬೆಟಗೇರಿ

ರೆಕಾರ್ಡಿಂಗಿನ ಸುದ್ದಿ ನಾ ಹೇಳ್ತೀನ್ರಿ.

ಮೊದಲ ನಿಮ್ಮ ಕ್ಯಾಸೆಟ್ಟು. ಕೆಶ್ ಜಿಗ್ ಅಂದ್ರ ಬಾಳ ಮಂದಿ ಬಾತಿ ಬ್ಯಾಂಡ್ ಅನ್ನೋ ಐರಿಷ್ ತಂಡದ ಹೆಸರು ಹೇಳ್ತಾರ. 1975ರಾಗ ಬಂದ ಅವರ ಮೊದಲ ಎಲ್ಪಿ ಶುರುವಾಗೋದ ಈ ಮಟ್ಟಿನಿಂದ, ಮ್ಯಾಟ್ ಮಲಾಯ್ ಕೊಳಲು, ಟಾಮಿ ಪೀಪಲ್ಸ್ ಫಿಡಲ್, ಪ್ಯಾಡಿ ಕೀನನ್ ಪೈಪು (ಗಾಳಿಚೀಲದ ವಾದ್ಯ). ಆದ್ರ ಅಲ್ಲಿ ಕೆಶ್ ಆದ ಮ್ಯಾಲ ಬರೋದು ಮಾರಿಸನ್ಸ್ ಅಲ್ಲ, ಬ್ಯಾರೆ ಮೂರು ಮಟ್ಟು ಅದಾವ. ಅಂದ್ರ ನಿಮ್ಮದು ಆ ಎಲ್ಪಿಯ ನಕಲು ಅಲ್ಲ. ಯಾವ ಮಟ್ಟಿನ ಬೆನ್ನಿಗೆ ಯಾವ ಮಟ್ಟು ಅನ್ನೋದು ರೆಕಾರ್ಡಿಂಗಿನ ಹೆಬ್ಬೆಟ್ಟಿನ ಗುರುತು ಇದ್ದಂಗ. ಮಟ್ಟು ಸಾವಿರ ಕಡೆ ಇರತೈತಿ, ಆ ಜೋಡಿ, ಆ ವಾದ್ಯಗಳು, ಒಂದೊಂದನ್ನ ಎಷ್ಟು ಸಲ ನುಡಿಸ್ಯಾರ ಅನ್ನೋದು, ಈ ಮೂರೂ ಕೂಡಿದ್ದು ಒಂದೆರಡು ಕಡೆ ಅಷ್ಟ ಸಿಗತೈತಿ. ದಿ ಸೆಶನ್ ತಾಣದಾಗ ಕೆಶ್ ಇರೋ ಆಲ್ಬಮ್ಮಿನ ಪಟ್ಟಿ ತಗೊಂಡು, ಮುಂದಿನ ಮಟ್ಟು ಮಾರಿಸನ್ಸ್ ಇರೋವನ್ನ ಆರಿಸಿ ಇಟ್ಟುಕೊಳ್ರಿ, ಆಮ್ಯಾಲ ವಾದ್ಯ ನೋಡ್ರಿ.

ಈಗ 403 ಹರ್ಟ್ಜ್ ಲೆಕ್ಕ. ಬಿಳಿ 5 ಅಂದ್ರ 392, ಕರಿ 4 ಅಂದ್ರ 415. ನಿಮ್ಮದು 392ಕ್ಕಿಂತ 2.8 ಪ್ರತಿಶತ ಜಾಸ್ತಿ, 48 ಸೆಂಟ್ (ಅರ್ಧ ಸ್ವರಕ್ಕ 100 ಸೆಂಟ್). ಅರ್ಧ ಸ್ವರದ ಅರ್ಧ. ವಾದ್ಯದವರು ಯಾರೂ ಅಲ್ಲಿ ಶ್ರುತಿ ಕೂಡಸಂಗಿಲ್ಲ, ಅದು ಡೆಕ್ಕು ಜೋರ ಓಡಿದ್ದು. ಅಡಾಸಿಟಿ ಅನ್ನೋ ಧ್ವನಿ ತಿದ್ದೋ ಸಾಫ್ಟ್‌ವೇರಿನೊಳಗ ವೇಗ ಬದಲಿಸೋ ಆಜ್ಞೆ ತಗೊಂಡು 0.973 ಹಾಕ್ರಿ. ಅದರ ಮಗ್ಗಲಕ್ಕ ಬರೇ ಶ್ರುತಿ ಬದಲಿಸೋದು, ಬರೇ ಲಯ ಬದಲಿಸೋದು ಅಂತ ಎರಡು ಅದಾವ, ಅವನ್ನ ಮುಟ್ಟಬ್ಯಾಡ್ರಿ. ಟೇಪು ಜೋರ ಓಡಿದ್ರ ಶ್ರುತಿ, ಲಯ ಎರಡೂ ಕೂಡೇ ಏರಿರತಾವ, ಇಳಿಸೋದೂ ಕೂಡೇ ಇಳಿಸಬೇಕು.

ಖಾತ್ರಿ ಮಾಡಿಕೊಳ್ಳಾಕ ಒಂದು ಉಪಾಯ ಐತಿ. ಹಾಡು ಶುರುವಾಗೋಕಿಂತ ಮೊದಲ ಸುಮ್ಮನಿರೋ ಜಾಗದಾಗ ಕರೆಂಟಿನ ಗುಂಯ್ ಅನ್ನೋ ಸಪ್ಪಳ ಇದ್ರ ಅದರ ಸ್ಪೆಕ್ಟ್ರಮ್ (ಯಾವ ಹರ್ಟ್ಜ್‌ನಾಗ ಎಷ್ಟು ಸಪ್ಪಳ ಅಂತ ತೋರಿಸೋ ಚಿತ್ರ) ತಗೀರಿ. ಐರ್ಲೆಂಡಿನಾಗ ಕರೆಂಟು 50 ಹರ್ಟ್ಜ್. ಅದು 51.4ರಾಗ ಕಂಡ್ರ ಡೆಕ್ಕಿನದ ತಪ್ಪು ಅಂತ ಪಕ್ಕಾ ಆತು. ಬರೋಬ್ಬರಿ 50ರಾಗ ಕಂಡ್ರ ತಡೀರಿ: ನಿಮ್ಮ ಮನಿ ಡೆಕ್ಕಿಂದ ಹೊಸದಾಗಿ ಸೇರಿದ ಗುಂಯ್ ಇರಬಹುದು, ನಮ್ಮದೂ 50 ಹರ್ಟ್ಜೇ. ಟೇಪು ನಿಲ್ಲಿಸಿದಾಗಲೂ ಅದು ಕೇಳಿಸಿದ್ರ ಅದನ್ನ ಲೆಕ್ಕಕ್ಕ ಹಿಡಿಬ್ಯಾಡ್ರಿ.

ಸಾ ಬರೋಬ್ಬರಿ ಕರಿ 4ರ ಮ್ಯಾಲೇ ಕುಂತಿದ್ರ ಮಾತು ಬ್ಯಾರೆ ಆಗ್ತಿತ್ತು. ಐರ್ಲೆಂಡಿನ ಕೆಲವರು ಬೇಕಂತ ಫಿಡಲ್ ಅರ್ಧ ಸ್ವರ ಏರಿಸಿ ನುಡಿಸ್ತಾರ. ಅಂಥಲ್ಲಿ ಇಳಿಸಿದ್ರ ನಾವ ಕೆಡಿಸಿದಂಗ.

78 ಆರ್‌ಪಿಎಂ (ನಿಮಿಷಕ್ಕ 78 ಸುತ್ತು) ಪ್ಲೇಟಿನದು ಇನ್ನೂ ಸೂಕ್ಷ್ಮ. 1920ರ ಸುಮಾರಿನವು ಎಲ್ಲಾ 78ಕ್ಕ ಕೊರದವಲ್ಲ. 80ಕ್ಕ ಕೊರದದ್ದನ್ನ 78ಕ್ಕ ತಿರುಗಿಸಿದ್ರ 44 ಸೆಂಟ್ ಇಳಿತದ. ಅದನ್ನ ಕ್ಯಾಸೆಟ್ಟಿಗೆ ಏರಿಸಿದವರು ಒಂದಿಷ್ಟು, ಕ್ಯಾಸೆಟ್ಟಿಂದ ಜಾಲಕ್ಕ ಏರಿಸಿದವರು ಒಂದಿಷ್ಟು ಕೆಡಿಸಿರತಾರ. ಫಿಡಲ್ ಇದ್ರ ಖಾಲಿ ತಂತಿ ಕೇಳ್ರಿ. ಬೆರಳು ಇಡದ ತಂತಿಯ ನಾದ ತೆರದು, ಜಾಸ್ತಿ ಹೊತ್ತು ಗುಂಯ್‌ಗುಡತೈತಿ. ಅದು ಡಿ, ಎ, ಇ ಇವುಗಳ ಮ್ಯಾಲ ಬರಬೇಕು. ಮಟ್ಟು ಇ ಫ್ಲ್ಯಾಟಿನಾಗ ಕೇಳಿಸಿ, ಖಾಲಿ ತಂತಿಯ ನಾದ ಷಡ್ಜದ ಮ್ಯಾಲ ಬರಾಕತ್ತಿದ್ರ ಅದು ಡಿ ಇರಬೇಕು ಇಲ್ಲಾ ಇ ಇರಬೇಕು.

ಪ್ಲೇಟು ಹುಡುಕೋವಾಗ ಮೂರು ನಂಬರ್ ಬ್ಯಾರೆಬ್ಯಾರೆ ಬರಕೊಳ್ರಿ. ಕ್ಯಾಟಲಾಗ್ ನಂಬರ್ ಲೇಬಲ್ ಮ್ಯಾಲ ದೊಡ್ಡದಾಗಿ ಇರತೈತಿ, ಅದು ಮಾರಾಟದ ನಂಬರ್. ಮ್ಯಾಟ್ರಿಕ್ಸ್ ನಂಬರ್ ಲೇಬಲ್ಲಿನ ಸುತ್ತ ಗೆರಿ ಇಲ್ಲದ ಜಾಗದಾಗ ಕೊರದಿರತೈತಿ, ಅದು ನುಡಿಸಿದ ದಿನದ ನಂಬರ್. ಅದರ ಹಿಂದ ಟೇಕ್ ನಂಬರ್. ಒಂದೇ ಮ್ಯಾಟ್ರಿಕ್ಸ್ ಬ್ಯಾರೆ ಕಂಪನಿ ಲೇಬಲ್ಲಿನಾಗ ಬ್ಯಾರೆ ಹೆಸರಿನಿಂದ ಬಂದದ್ದೂ ಐತಿ, ಹಂಗಾಗಿ ಎರಡು ಪ್ಲೇಟು ಒಂದೇನೋ ಬ್ಯಾರೆನೋ ಅಂತ ಹೇಳೋದು ಮ್ಯಾಟ್ರಿಕ್ಸ್ ಅಷ್ಟ. ಕೊಲಂಬಿಯಾದ ಐರಿಷ್ ಸಾಲು 33000-ಎಫ್, ಡೆಕ್ಕಾದ್ದು 12000. ರಿಚರ್ಡ್ ಸ್ಪಾಟ್ಸ್‌ವುಡ್ 1893ರಿಂದ 1942ರ ತನಕ ಅಮೆರಿಕದಾಗ ಆದ ಹೊರನಾಡಿನ ಮಂದಿಯ ಪ್ಲೇಟುಗಳನ್ನೆಲ್ಲ 7 ಸಂಪುಟದಾಗ ಪಟ್ಟಿ ಮಾಡ್ಯಾರ, 1990ರದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾದ ಜಾಲಪಟ್ಟಿಯೊಳಗ ಮ್ಯಾಟ್ರಿಕ್ಸ್ ಹಾಕಿದ್ರ ದಿನಾಂಕ, ಊರು ಬರತಾವ, ಕೆಲವಕ್ಕ ಧ್ವನಿಯೂ ಐತಿ. ಡಬ್ಲಿನ್ನಿನಾಗ 1987ರಾಗ ಶುರುವಾದ ಐರಿಷ್ ಸಾಂಪ್ರದಾಯಿಕ ಸಂಗೀತದ ಆರ್ಕೈವ್ ಐತಲ್ಲ, ಅವರು ಪತ್ರಕ್ಕ ಉತ್ತರ ಬರೀತಾರ. ಬರೆಯೋವಾಗ ಮಟ್ಟಿನ ಹೆಸರಷ್ಟ ಬರೀಬ್ಯಾಡ್ರಿ, ಮೊದಲ ನಾಲ್ಕು ಬಾರ್ ಕೊಡ್ರಿ.

ಎಲ್ಲಾರೂ ಎಡವೋ ಜಾಗ ಒಂದೈತಿ. 10 ಇಂಚಿನ ಪ್ಲೇಟಿನ ಒಂದು ಮಗ್ಗಲು ಸುಮಾರು 3 ನಿಮಿಷ. ಜಿಗ್ ಒಂದು ಸುತ್ತು 32 ಬಾರ್, ಬಾರ್‌ಗೆ 2 ಒತ್ತು, ನಿಮಿಷಕ್ಕ 120 ಒತ್ತಿನ ಲಯ ಹಿಡಿದ್ರ ಒಂದು ಸುತ್ತಿಗೆ 32 ಸೆಕೆಂಡ್. 3 ನಿಮಿಷದಾಗ ಐದು ಸುತ್ತು. ಹಂಗಾಗಿ ಎರಡು ಮಟ್ಟು ಕೂಡಿಸಿ ನುಡಿಸ್ತಿದ್ರು, ಲೇಬಲ್ ಮ್ಯಾಲ ಎಷ್ಟೋ ಸಲ ಮೊದಲನೇದರ ಹೆಸರಷ್ಟ. ಪಟ್ಟಿಯೊಳಗ ಹೆಸರು ಇಲ್ಲ ಅಂದಕೂಡಲೇ ಆ ಪ್ಲೇಟಿನಾಗ ಮಟ್ಟು ಇಲ್ಲ ಅನ್ನಾಕ ಬರಂಗಿಲ್ಲ, ಪೂರ್ತಿ ಕೇಳಬೇಕು. ಸಿಡಿ ಮ್ಯಾಲಿನ ವರ್ಷನೂ ನಂಬಬ್ಯಾಡ್ರಿ, ಅದು ಮರುಅಚ್ಚಿನ ವರ್ಷ.

ಠೇಕಾ · ಹುಬ್ಬಳ್ಳಿ

ತಬಲಾ ಹಚ್ಚೋ ವಿಚಾರ ಇದ್ರ ಒಂದು ಮಾತು. ಆರು ಮಾತ್ರೆ ಅಂದ ಕೂಡಲೇ ದಾದ್ರಾ ಅಂತೀವಿ. ಬಾರ್‌ಗೆ ಒಂದು ಆವರ್ತನ, ಲೆಕ್ಕ ಕೂಡ್ತದ. ಆದ್ರ ನಿಮಿಷಕ್ಕ 120 ಒತ್ತು ಅಂದ್ರ 360 ಮಾತ್ರೆ, ಪೂರಾ ಠೇಕಾ ಬಾರಿಸಿದ್ರ ಬೋಲು ಒಂದರ ಮ್ಯಾಲ ಒಂದು ಬಿದ್ದು ಗದ್ದಲ ಆಗತದ. ಎರಡು ಮಾತ್ರೆ ಇಟ್ಟುಕೊಂಡು ಒಂದೊಂದನ್ನ ಮೂರು ಪಾಲು ಮಾಡ್ರಿ. ದಾದ್ರಾಕ್ಕ ನಾಲ್ಕನೇ ಮಾತ್ರೆ ಖಾಲಿ (ಒತ್ತಿಲ್ಲದ್ದು), ಜಿಗ್‌ನಾಗ ಖಾಲಿ ಇಲ್ಲ. ಎರಡನೇ ಒತ್ತಿಗೂ ಬಾಯಾ (ಎಡಗೈ ತಬಲಾ) ಬೇಕು. ಇನ್ನ ಮೂರು ಪಾಲು ಸಮಾ ಅಲ್ಲ. ಮೊದಲನೇದು ಉದ್ದ, ನಡುವಿಂದು ಗಿಡ್ಡ, ಮೂರನೇದು ಇವೆರಡರ ನಡುವ. ಕಂಪ್ಯೂಟರ್ ನುಡಿಸೋ ನೊಟೇಶನ್ ಕೇಳಿ ಕಲತ್ರ ಈ ತೂಗು ಸಿಗಂಗಿಲ್ಲ.

ಮಾಳಮಡ್ಡಿ_ವಾಯಲಿನ್ · ಧಾರವಾಡ

ಸಾ ಸರಿಸಿದ ಮ್ಯಾಲ ಎರಡನೇದು ತಾನ ಬಿಚ್ಚಿಕೊಂತರೀ. ಸ್ಪೆಕ್ಟ್ರಮ್ಮಿನಾಗ ಗುಂಯ್ 51.4ರಾಗ ಐತಿ, 0.973 ಹಾಕಿದೆ, ಬಿಳಿ 5ಕ್ಕ ಬಂದು ಕುಂತಿತು. ಉಪಕಾರ ಆತು.

ಉಳಿದದ್ದು ನೊಟೇಶನ್. ಕೆಶ್‌ಗೆ ಎಂಟು ಪಾಠ ಇಳಿಸೀನಿ. ಎರಡನೇ ಬಾರ್ ಒಂದರಾಗ "ರೆ – –", ಇನ್ನೊಂದರಾಗ "ರೆ ಗ ರೆ". ಎರಡನೇ ಭಾಗದಾಗ ಒಂದು ಕಡೆ ತೀವ್ರ ಮಧ್ಯಮ "ಪ ಮ ಪ" ಅಂತ ಐತಿ, ಉಳಿದದ್ದರಾಗ ಇಲ್ಲ. ಯಾವುದು ಖರೆ?

ಸಪ್ತಾಪುರ · ಧಾರವಾಡ

ಎರಡೂ ಖರೆ. ಆದರೆ ಎಂಟು ಪಾಠ ಇವೆ ಎಂದು ಎಣಿಸುವ ಮುಂಚೆ, ಅವು ನಿಜವಾಗಿ ಎಂಟೇ ಎಂದು ನೋಡಿ. ಎತ್ತುಗಡೆ ಸ್ವರ, ಆವರ್ತನೆಯ ಗುರುತು, ವಿಚಿತ್ರವಾದ ಒಂದು ತಪ್ಪು, ಇವು ಮೂರರಲ್ಲೂ ಹಾಗೆಹಾಗೇ ಇದ್ದರೆ ಅದು ಒಂದೇ ಪ್ರತಿಯನ್ನು ಮೂರು ಕಡೆ ಹಚ್ಚಿದ್ದು. ಹಸ್ತಪ್ರತಿ ನೋಡುವವರು ಲಿಪಿಕಾರನ ತಪ್ಪು ಹಿಡಿದು ಪ್ರತಿಗಳ ಕುಲ ಕಟ್ಟುತ್ತಾರಲ್ಲ, ಇಲ್ಲಿಯೂ ಅದೇ ಕೆಲಸ. ಸರಿ ಇರುವ ಸ್ವರಗಳು ಎಲ್ಲ ಕಡೆ ಸರಿಯೇ ಇರುತ್ತವೆ, ಅವುಗಳಿಂದ ಏನೂ ತಿಳಿಯುವುದಿಲ್ಲ. ತಪ್ಪೇ ನೆಂಟಸ್ತನ ಹೇಳುವುದು.

"ರೆ – –" ಮತ್ತು "ರೆ ಗ ರೆ" ಭೇದ ವಾದ್ಯದ್ದು. ಉದ್ದ ಸ್ವರವನ್ನು ಅವರು ಖಾಲಿ ಬಿಡುವುದಿಲ್ಲ, ರೋಲ್ ಹಚ್ಚುತ್ತಾರೆ: ಸ್ವರ, ಮೇಲಿನ ಬೆರಳಿನ ಚಟಕು, ಸ್ವರ, ಕೆಳಗಿನ ಚಟಕು, ಸ್ವರ. ಕೊಳಲಿನಲ್ಲಿ ಎ (ಇಲ್ಲಿಯ ರೆ) ಮೇಲೆ ರೋಲ್ ಸಲೀಸು. ಫಿಡಲ್‌ನಲ್ಲಿ ಆ ಎ ಖಾಲಿ ತಂತಿ. ಖಾಲಿ ತಂತಿಗೆ ಕೆಳಗಿನ ಚಟಕು ಕೊಡಲು ಸ್ವರವೇ ಇಲ್ಲ. ಹಾಗಾಗಿ ಒಂದೋ ನಾಲ್ಕನೇ ಬೆರಳಿನಿಂದ ಪಕ್ಕದ ತಂತಿಯಲ್ಲಿ ಹಿಡಿಯುತ್ತಾರೆ, ಇಲ್ಲ ಮೇಲಿನ ಸ್ವರ ಸೇರಿಸಿ "ರೆ ಗ ರೆ" ಮಾಡುತ್ತಾರೆ. ಎಲ್ಲಾದರೂ ಕೆಳಗಿನ ಡಿಗಿಂತಲೂ ಕೆಳಕ್ಕೆ ಹೋಗುವ ಪಾಠ ಸಿಕ್ಕರೆ ಅದು ಫಿಡಲ್‌ನಿಂದ ಬಂದದ್ದು. ಕೊಳಲಿಗೆ, ಪೈಪಿಗೆ ಅಲ್ಲಿ ಸ್ವರವಿಲ್ಲ.

ರೋಲ್ ಕೇಳಿದಾಗ ನಮಗೆ ಮುರ್ಕಿ (ಬೇಗ ಸುತ್ತುವ ಸ್ವರಗಳ ಅಲಂಕಾರ) ನೆನಪಾಗುತ್ತದೆ. ಹಾಗೆ ನುಡಿಸಬೇಡಿ. ಮುರ್ಕಿಯಲ್ಲಿ ಪ್ರತಿ ಸ್ವರಕ್ಕೂ ಸ್ಥಾನವಿದೆ, ರೋಲ್‌ನ ಚಟಕಿಗೆ ಸ್ಥಾನ ಕೇಳಿಸಬಾರದು. ಬೆರಳು ತಂತಿಗೆ ತಾಗಿ ಚಿಮ್ಮಬೇಕು, ಒತ್ತಬಾರದು. ಅದಕ್ಕೇ ಬಹಳಷ್ಟು ನೊಟೇಶನ್‌ಗಳಲ್ಲಿ ರೋಲ್ ಬಿಡಿಸಿ ಬರೆಯುವುದಿಲ್ಲ, ಉದ್ದ ಸ್ವರಕ್ಕೆ ಒಂದು ಅಲೆಗೆರೆ ಇಡುತ್ತಾರೆ. ನೀವೂ ಹಾಗೇ ಇಡಿ.

ವಾಯಲಿನ್ ಕೂಡಿಸುವ ಮಾತು ಹೇಳಲೇಬೇಕು. ನಿಮ್ಮದು ಸಾ-ಪ ಜೋಡಿಯಲ್ಲಿದ್ದರೆ ಖಾಲಿ ತಂತಿ ಬೀಳುವ ಜಾಗವೇ ಬೇರೆ, ಅವರ ಕಮಾನಿನ ಓಟ ಕೈಗೆ ಬರುವುದಿಲ್ಲ. ಜಿ-ಡಿ-ಎ-ಇ ಕೂಡಿಸಿದ ಬೇರೆ ವಾಯಲಿನ್ ಇಟ್ಟುಕೊಳ್ಳಿ. ಕೆಳಗೆ ಕೂಡಿಸಿದ ಹಳೆಯ ತಂತಿಯನ್ನೇ 659 ಹರ್ಟ್ಜ್‌ನ ಇ ತನಕ ಏರಿಸಲು ಹೋದರೆ ಹರಿಯುತ್ತದೆ.

ನಿಮ್ಮ ಪ್ರತಿ ಬರೆಯುವ ಕ್ರಮ: ಒಂದು ರೆಕಾರ್ಡಿಂಗ್ ಆರಿಸಿ, ಅದರ ಎರಡನೇ ಸುತ್ತು ತೆಗೆದುಕೊಳ್ಳಿ. ಮೊದಲ ಸುತ್ತಿನಲ್ಲಿ ಇನ್ನೂ ಕೂಡಿಕೊಳ್ಳುತ್ತಿರುತ್ತಾರೆ, ಕೊನೆಯ ಸುತ್ತಿನಲ್ಲಿ ಮುಂದಿನ ಮಟ್ಟಿಗೆ ತಿರುಗುವ ಅವಸರ ಇರುತ್ತದೆ. ಲಯವನ್ನು 70 ಪ್ರತಿಶತಕ್ಕೆ ಇಳಿಸಿ ಪೂರ್ತಿ ಬರೆಯಿರಿ. ರೋಲ್ ಬಿಡಿಸಲಷ್ಟೇ 40ಕ್ಕೆ ಇಳಿಸಿ, ಅಲ್ಲಿ ಧ್ವನಿ ಕಲಸಿ ಮುಖ್ಯ ಸ್ವರವೂ ಮಸುಕಾಗುತ್ತದೆ. ಉಳಿದ ಸುತ್ತುಗಳಲ್ಲಿ ಬದಲಾದ ಬಾರ್‌ಗಳನ್ನು ಮೂಲದೊಳಗೆ ಬೆರೆಸದೆ ಕೆಳಗೆ ಬಾರ್ ನಂಬರ್ ಹಾಕಿ ಬರೆಯಿರಿ. "ಪ ಮ ಪ" ಹಾಗೆ ಕೆಳಗೆ ಹೋಗಬೇಕಾದ್ದು. ಐದು ಪಾಠದಿಂದ ಚೆಂದ ಕಂಡದ್ದನ್ನು ಆರಿಸಿ ಒಂದು ಮಾಡಿದರೆ, ಯಾರೂ ಎಂದೂ ನುಡಿಸದ ಮಟ್ಟು ಒಂದು ಹುಟ್ಟುತ್ತದೆ. ಮುಂದೆ ಅದೇ ಜಾಲಕ್ಕೆ ಹೋಗಿ ಒಂಬತ್ತನೇ ಪಾಠವಾಗುತ್ತದೆ.

ಸ್ವರಲಿಪಿ · ಹಾವೇರಿ

ಸಪ್ತಾಪುರದವರ ಮಾತಿಗೆ ಒಂದು ಸೇರಿಕೆ. ಕಂಪ್ಯೂಟರ್‌ನಲ್ಲಿ ಇಡುವಾಗ ಎಬಿಸಿ ಲಿಪಿಯಲ್ಲೂ ಒಂದು ಪ್ರತಿ ಇರಲಿ, ಇಲ್ಲವಾದರೆ ಯಾವ ಹುಡುಕುಯಂತ್ರಕ್ಕೂ ಸಿಗುವುದಿಲ್ಲ. ಕ್ರಿಸ್ ವಾಲ್ಶಾ ರೂಪಿಸಿದ ಲಿಪಿ. ಬರೀ ಅಕ್ಷರ, ಅಂಕಿ, ಗೆರೆ. ಕೆಳಗಿನ ಸಪ್ತಕಕ್ಕೆ ದೊಡ್ಡ ಅಕ್ಷರ, ಮೇಲಿನದಕ್ಕೆ ಸಣ್ಣ ಅಕ್ಷರ, ಸ್ವರದ ಉದ್ದಕ್ಕೆ ಅಕ್ಷರದ ನಂತರ ಅಂಕಿ. ತಲೆಬರಹದಲ್ಲಿ ಎಕ್ಸ್ ಸಾಲು ಮೊದಲು, ಆಮೇಲೆ ಹೆಸರಿನ ಟಿ, ಕೆ ಸಾಲು ಕಡ್ಡಾಯವಾಗಿ ಕೊನೆಗೆ. ಕೆ ಸಾಲಿನ ಕೆಳಗೆ ಬರೆದದ್ದನ್ನೆಲ್ಲ ಅದು ಮಟ್ಟು ಎಂದೇ ಓದುತ್ತದೆ. ಮಾರಿಸನ್ಸ್‌ಗೆ ಕೆ ಸಾಲಿನಲ್ಲಿ ಇ ಡೋರಿಯನ್ ಎಂದೇ ಬರೆಯಿರಿ. ಇ ಮೈನರ್ ಎಂದು ಬರೆದವರ ಪ್ರತಿಗಳಲ್ಲಿ ಸಿ ಶಾರ್ಪ್ ಹೋಗಿ ಸಾದಾ ಸಿ ಬಂದಿರುತ್ತದೆ, ಅಂದರೆ ನಿಮ್ಮ ಲೆಕ್ಕದಲ್ಲಿ ಶುದ್ಧ ಧೈವತದ ಜಾಗದಲ್ಲಿ ಕೋಮಲ ಧೈವತ. "ನಿ ಧ ಪ ಮ ರೆ .ನಿ" ಬರುವ ನಾಲ್ಕನೇ ಬಾರ್ ಒಂದನ್ನು ನೋಡಿದರೆ ಸಾಕು, ಆ ಪ್ರತಿ ಕಿವಿಯಿಂದ ಬರೆದದ್ದೋ ಊಹೆಯಿಂದ ಬರೆದದ್ದೋ ಗೊತ್ತಾಗುತ್ತದೆ. ರೆಕಾರ್ಡಿಂಗಿನ ಹೆಸರು, ಎಷ್ಟನೇ ಸುತ್ತು, ವೇಗ 0.973ಕ್ಕೆ ಇಳಿಸಿದ್ದು, ಇವನ್ನು ಟಿಪ್ಪಣಿಯ ಎನ್ ಸಾಲಿನಲ್ಲಿ ಹಾಕಿಬಿಡಿ.